ಎಲ್ಲದಕ್ಕೂ ಆಗುವ ಕೇಬಲ್ಲು

ಬೈಲಹೊಂಗಲದ ನನ್ನ ಔಷಧದ ಅಂಗಡಿಗೆ ಬಂದವರು ಡಾಕ್ಟರ ಚೀಟಿ ಕೊಟ್ಟು, ನಾನು ಗುಳಿಗೆ ಹುಡುಕುವಷ್ಟು ಹೊತ್ತು ಸುಮ್ಮನೆ ನಿಲ್ಲಲಾರದೆ ಗೋಡೆ ನೋಡುತ್ತಾರೆ. ಗೋಡೆಗೆ ಲೈಸೆನ್ಸಿನ ಚೌಕಟ್ಟಿದೆ, ಕ್ಯಾಲೆಂಡರಿದೆ, ಅದರ ಪಕ್ಕದ ಮೊಳೆಗೆ ಒಂದು ಕರಿ ಕೇಬಲ್ಲು ನೇತಾಡುತ್ತದೆ. ಒಂದು ತುದಿಗೆ ಕಂಪ್ಯೂಟರಿಗೆ ಚುಚ್ಚುವ ಯುಎಸ್‌ಬಿ ತಲೆ. ಇನ್ನೊಂದು ತುದಿಗೆ ಒಂದು ದಪ್ಪ, ಒಂದು ಸಣ್ಣ, ಹೀಗೆ ಎರಡು ಕಡ್ಡಿಗಳ ಪ್ಲಗ್ಗು.

"ಅಕ್ಕಾರ, ಇದು ಬೀಪಿ ನೋಡೂದೇನ್ರಿ?" ಎಂದು ಒಬ್ಬರಾದರೂ ಕೇಳುತ್ತಾರೆ.

"ಅಲ್ರಿ, ನನ್ನ ಬೀಪಿ ಏರಸೂದು," ಎನ್ನುತ್ತೇನೆ.

ಅವರು ನಗುತ್ತಾರೆ. ನಾನು ನಗುವುದಿಲ್ಲ. ದಿನಾ ಬೆಳಿಗ್ಗೆ ಬಾಗಿಲು ತೆಗೆದು, ಕಸ ಹೊಡೆದು, ಊದಿನಕಡ್ಡಿ ಹಚ್ಚಿದ ಮೇಲೆ ಆ ಕೇಬಲ್ಲಿನ ಕಡೆಗೊಮ್ಮೆ ನೋಡುತ್ತೇನೆ. ನೋಡಿದ ಕೂಡಲೇ ಮೈ ಉರಿಯುತ್ತದೆ. ಒಂದು ಲೋಟ ಖಡಕ್ ಚಹಾ ಕುಡಿದ ಹಾಗೆ ನಿದ್ದೆಯೆಲ್ಲ ಹಾರಿಹೋಗಿ ಕೆಲಸಕ್ಕೆ ಕೈ ಬರುತ್ತದೆ. ಅದೊಂದೇ ಆ ಕೇಬಲ್ಲಿನಿಂದ ಈತನಕ ನನಗಾದ ಉಪಯೋಗ.

ನಾನೊಬ್ಬ ಹ್ಯಾಮ್. ಅಂದರೆ ಪರೀಕ್ಷೆ ಕಟ್ಟಿ, ಲೈಸೆನ್ಸು ಪಡೆದು, ಕೈಯಲ್ಲಿ ಹಿಡಿಯುವ ಸಣ್ಣ ವೈರ್‌ಲೆಸ್ ಸೆಟ್ಟಿನಲ್ಲಿ ಮಾತಾಡುವ ಹವ್ಯಾಸಿ ರೇಡಿಯೋದವಳು. ಇದನ್ನು ಹೇಳಿದ ಕೂಡಲೇ ನೀವೇನು ಕೇಳುತ್ತೀರಿ ಎಂಬುದು ನನಗೆ ಗೊತ್ತು. ನಮ್ಮ ಮನೆಯವರು ಮದುವೆಯಾದ ಹೆಣ್ಣಿಗೆ ಕೇಳಬಾರದ ಪ್ರಶ್ನೆ ಯಾವುದನ್ನೂ ಕೇಳಿದವರಲ್ಲ, ಇದೊಂದನ್ನು ಬಿಟ್ಟು: "ಫೋನ್ ಐತೆಲ್ಲಾ ಮತ್ತ? ಇದ್ಯಾಕ?" ಏನೆಂದು ಉತ್ತರ ಕೊಡಲಿ! ಕಟ್ಟೆಯ ಮೇಲೆ ಹರಟೆ ಹೊಡೆಯುತ್ತ ಕೂತ ನಾಲ್ಕು ಮಂದಿಗೆ ಯಾರಾದರೂ ಹೋಗಿ, ನಿಮ್ಮ ಹತ್ತಿರ ಫೋನ್ ಇಲ್ಲೇನ್ರಿ ಎಂದು ಕೇಳಿದ್ದನ್ನು ಕಂಡಿದ್ದೀರಾ? ಫೋನು ಕೆಲಸವಿದ್ದಾಗ ಮಾಡುವುದು. ನಮಗೆ ಕೆಲಸವೇ ಇಲ್ಲ. ಕೆಲಸವಿಲ್ಲದೆ ಮಾತಾಡುವುದಕ್ಕೆ ಮನುಷ್ಯನಿಗೆ ಒಂದು ಜಾಗ ಬೇಕು, ಅಷ್ಟೇ.

ನಮ್ಮ ಕಟ್ಟೆಯಲ್ಲಿಯೂ ನಾಲ್ಕೇ ಮಂದಿ. ಬೈಲಹೊಂಗಲದಿಂದ ನಾನು. ಕಿತ್ತೂರಿನಿಂದ ಟೆಂಪೋ ಹೊಡೆಯುವ ಇಸ್ಮಾಯಿಲಣ್ಣ. ಸವದತ್ತಿಯಿಂದ ಬೀಜ-ಗೊಬ್ಬರದ ಅಂಗಡಿಯ ಶೋಭಕ್ಕ. ರಾಮದುರ್ಗ ತಾಲೂಕಿನ ತೊರಗಲ್ಲಿನಿಂದ ರುದ್ರಪ್ಪ ಕಾಕಾ. ಇಷ್ಟು ದೂರಕ್ಕೆ ಅಂಗೈಯಷ್ಟು ಸೆಟ್ಟು ತಾನಾಗಿ ಮುಟ್ಟುವುದಿಲ್ಲ. ನಡುವೆ ಗುಡ್ಡದ ಮೇಲೆ ರಿಪೀಟರ್ ಎಂಬ ಯಂತ್ರವಿದೆ. ನಮ್ಮ ದನಿಯನ್ನು ಅದು ಹಿಡಿದು, ಜೋರು ಮಾಡಿ, ಎಲ್ಲರಿಗೂ ಹಂಚುತ್ತದೆ. ದಿನಾ ಸಂಜೆ ದೀಪ ಹಚ್ಚುವ ಹೊತ್ತಿಗೆ ನಾವು ಅಲ್ಲಿ ಸೇರುತ್ತೇವೆ, ಕಾಕಾ ಹಾಜರಿ ಕರೆಯುತ್ತಾರೆ.

ಹಾಜರಿ ಕಾಕಾನದೇ ಪದ್ಧತಿ. ಅವರು ಮಲಪ್ರಭೆಯ ಕಾಲುವೆ ಕೆಲಸದಲ್ಲಿ ಗ್ಯಾಂಗಿನ ಮೇಸ್ತ್ರಿಯಾಗಿದ್ದವರು. ಮಳೆಗಾಲದಲ್ಲಿ ನವಿಲುತೀರ್ಥದ ಆಣೆಕಟ್ಟಿನ ವೈರ್‌ಲೆಸ್ ಕೋಣೆಯ ಬಾಗಿಲಲ್ಲಿ ಕೂತು, ಎಷ್ಟು ಗೇಟು ಎತ್ತಿದರು, ನೀರು ಎಲ್ಲಿಗೆ ಬಂತು ಎಂಬ ಸುದ್ದಿ ಹೋಗುವುದನ್ನು ಕೇಳಿ ಕೇಳಿಯೇ ಅವರಿಗೆ ಈ ಹುಚ್ಚು ಹತ್ತಿದ್ದು. ನಿವೃತ್ತಿಯಾದ ಮೇಲೆ ಲೈಸೆನ್ಸು ಪಡೆದರು. ಹಾಜರಿ ಕರೆಯುವಾಗ ಒಂದೊಂದೇ ಊರಿನ ಹೆಸರು ಹೇಳುತ್ತಾರೆ, ನಾವು 'ಹಾಜರ' ಎನ್ನಬೇಕು. ಕೊನೆಗೆ "ತೊರಗಲ್ಲ" ಎಂದು ತಮ್ಮ ಊರನ್ನೂ ತಾವೇ ಕರೆಯುತ್ತಾರೆ, ಒಂದು ಉಸಿರು ಬಿಟ್ಟು, "ಹಾಜರ" ಎಂದು ತಾವೇ ಉತ್ತರ ಕೊಡುತ್ತಾರೆ. ಮೊದಮೊದಲು ನಾವು ಬಿದ್ದು ಬಿದ್ದು ನಕ್ಕೆವು. ಕಾಕಾ ನಗಲಿಲ್ಲ. "ಮೇಸ್ತ್ರಿನ ಹಾಜರಿ ಹಚ್ಚಲಿಲ್ಲಂದ್ರ ಅಂವಾ ಹಚ್ಚಿದ ಮಂದಿ ಹಾಜರಿ ಯಾರು ನಂಬತಾರವಾ?" ಎಂದರು. ಅಂದಿನಿಂದ ನಾವು ಬಾಯಿ ಮುಚ್ಚಿದೆವು.

ಸಕ್ಕರೆ ಕಾಯಿಲೆ ಕಾಕಾನ ಎರಡೂ ಕಣ್ಣು ತಿಂದುಹಾಕಿತು. ಹಾಗಾಗಿ ಅವರು ಬೇಕೆಂದೇ ತೆರೆ ಇಲ್ಲದ, ನಂಬರು ಒತ್ತುವ ಗುಂಡಿಗಳಿಲ್ಲದ ಸೆಟ್ಟು ತೆಗೆದುಕೊಂಡರು. ಮೇಲೊಂದು ತಿರುಗಣೆ, ಪಕ್ಕಕ್ಕೆ ಮಾತಾಡುವ ಗುಂಡಿ, ಮುಗಿಯಿತು. ತಿರುಗಣೆ ತಿರುಗಿಸಿದರೆ ಟಕ್ ಟಕ್ ಎನ್ನುತ್ತದೆ, ಒಳಗಿನಿಂದ ಒಂದು ದನಿ ಚಾನೆಲ್ಲಿನ ನಂಬರು ಹೇಳುತ್ತದೆ. ಕಣ್ಣಿಲ್ಲದವರಿಗೆ ಅದಕ್ಕಿಂತ ಒಳ್ಳೆಯ ಸೆಟ್ಟಿಲ್ಲ. ಆದರೆ ಅದಕ್ಕೆ ಏನು ತುಂಬುವುದಿದ್ದರೂ ಕಂಪ್ಯೂಟರಿನಿಂದಲೇ ತುಂಬಬೇಕು, ಕಂಪ್ಯೂಟರಿಗೂ ಅದಕ್ಕೂ ನಡುವೆ ತಕ್ಕ ಕೇಬಲ್ಲು ಬೇಕು. ಮೊದಲು ತುಂಬಿಕೊಟ್ಟಿದ್ದು ಧಾರವಾಡದ ಒಬ್ಬ ಗೆಳೆಯ. ಅವನು ವರ್ಗವಾಗಿ ಎಲ್ಲಿಗೋ ಹೋದ, ಕೇಬಲ್ಲೂ ಅವನ ಸಂಗಡ ಹೋಯಿತು.

ಕಳೆದ ಮಳೆಗಾಲದಲ್ಲಿ ರಿಪೀಟರಿಗೆ ಎಲ್ಲಿಂದಲೋ ಗೊರಗೊರ ಸದ್ದು ನುಗ್ಗತೊಡಗಿತು. ನೋಡಿಕೊಳ್ಳುವವರು ಅದರ ಟೋನು ಬದಲಿಸಿದರು. ಟೋನು ಎಂದರೆ ನಮ್ಮ ಮಾತಿನ ಅಡಿಯಲ್ಲಿ ಸೆಟ್ಟು ತಾನಾಗಿ ಕಳಿಸುವ, ನಮ್ಮ ಕಿವಿಗೆ ಬೀಳದ ಒಂದು ಗುಂಯ್ ಎಂಬ ನಾದ. ಆ ನಾದ ಹೊಂದಿದರೆ ಮಾತ್ರ ರಿಪೀಟರು ಬಾಗಿಲು ತೆಗೆಯುತ್ತದೆ. ಹೊಂದದಿದ್ದರೆ ನೀವು ಗಂಟಲು ಹರಿದುಕೊಂಡರೂ ಅದಕ್ಕೆ ಕೇಳುವುದಿಲ್ಲ. ಆದರೆ ಅದು ಹೇಳುವುದು ನಿಮಗೆ ಚೆನ್ನಾಗಿಯೇ ಕೇಳುತ್ತದೆ! ನಾವು ಮೂವರೂ ನಮ್ಮ ಸೆಟ್ಟಿನ ಗುಂಡಿಗಳನ್ನೊತ್ತಿ ಹೊಸ ಟೋನು ಹಾಕಿಕೊಂಡೆವು. ಆ ವಾರ ಕಾಕಾ ಮಗಳ ಮನೆಯ ತೊಟ್ಟಿಲು ಕಾರ್ಯಕ್ಕೆಂದು ಗೋಕಾಕಿಗೆ ಹೋಗಿದ್ದರು. ಅವರ ಸೆಟ್ಟಿಗೆ ಗುಂಡಿಗಳಿಲ್ಲ ಎಂಬುದು ನಮ್ಮ ಮೂವರ ತಲೆಗೂ ಹೊಳೆಯಲಿಲ್ಲ.

ಕಾಕಾ ಇಲ್ಲದಾಗ ಇಸ್ಮಾಯಿಲಣ್ಣ ಹಾಜರಿ ಕರೆಯುತ್ತಿದ್ದರು. ಕೊನೆಗೆ "ತೊರಗಲ್ಲ, ಕಾಕಾ" ಎಂದು ಕರೆದು, ದೊಡ್ಡವರೆಂಬ ಮರ್ಯಾದೆಗೆ ನಾವು ಮೂವರೂ ಒಂದು ನಿಮಿಷ ಯಾರೂ ಮಾತಾಡದೆ ಕಾಯುತ್ತಿದ್ದೆವು. ಆಮೇಲೆ "ಕಾಕಾ ಇನ್ನೂ ಬಂದಿಲ್ಲ" ಎಂದು ಮುಂದಿನ ಮಾತಿಗೆ ಹೋಗುತ್ತಿದ್ದೆವು. ಗೋಕಾಕಿನಲ್ಲಿ ಮೊಮ್ಮಗಳ ಸಂಗಡ ಆರಾಮ ಇದ್ದಾರೆ ಎಂದುಕೊಂಡು ಖುಷಿಯನ್ನೂ ಪಟ್ಟೆವು.

ಒಂದು ಮಧ್ಯಾಹ್ನ ಅವರ ಹೆಂಡತಿ ಗಂಗವ್ವ ಕಾಕು ಅಂಗಡಿಗೆ ಫೋನು ಮಾಡಿದರು. ಹಲೋ ಇಲ್ಲ, ಆರಾಮ ಇದ್ದೀಯಾ ಇಲ್ಲ.

"ಸುಮಿತ್ರಾ, ನಮ್ಮವರನ್ನ ನಿಮ್ಮ ಕೂಟದಿಂದ ತಗದ ಒಗದೀರೇನು?"

"ಅಯ್ಯ, ಏನ್ ಮಾತಾಡ್ತೀರಿ ಕಾಕು! ಕಾಕಾ ಗೋಕಾಂವಿಗೆ ಹೋಗ್ಯಾರಲ್ಲಾ?"

"ಬಂದು ಭಾಳ ದಿನಾ ಆತು. ದಿನಾ ಸಂಜಿಕ ಆ ಡಬ್ಬಿ ಹಿಡಕೊಂಡು 'ಹಾಜರ, ಹಾಜರ' ಅಂತ ಒದರತಾರ. ನೀವು ಅತ್ತಲಾಗಿಂದ 'ಕಾಕಾ ಬಂದಿಲ್ಲ' ಅಂತೀರಿ. ನಾ ಒಲಿ ಮುಂದ ಕುಂತು ಕಿವಿಲೆ ಕೇಳೇನಿ. ಕಣ್ಣ ಕಾಣಾಂಗಿಲ್ಲಂತ ಹಿಂಗ ಮಾಡಬೌದೇನವಾ? ನಿನ್ನೆ ಉಂಡೂ ಇಲ್ಲ ಅವರು."

ನಾವು ಮರ್ಯಾದೆಗೆಂದು ಸುಮ್ಮನಿದ್ದ ಆ ಒಂದು ನಿಮಿಷವೆಲ್ಲ ಅವರು ತೊರಗಲ್ಲಿನಲ್ಲಿ ಕೂತು ಕೂಗುತ್ತಿದ್ದರು. ಟೋನಿನ ಸಂಗತಿ ಒಮ್ಮೆಲೇ ಹೊಳೆದು, ಕಾಕಾನಿಗೆ ಫೋನು ಕೊಡಿ ಎಂದೆ. ಗುಡ್ಡದ ಯಂತ್ರ, ಹೊಸ ನಾದ, ಮುಚ್ಚಿದ ಬಾಗಿಲು, ಎಲ್ಲವನ್ನೂ ಹೇಳಿದೆ. ಅವರು ಪೂರ್ತಿ ಕೇಳಿ, ತಣ್ಣಗೆ ಒಂದು ಮಾತು ಅಂದರು.

"ಆತವಾ. ಇಸ್ಮಾಯಿಲ ಛಲೋ ಕರೀತಾನ ಹಾಜರಿ. ಅಂವಗ ಬಿಟ್ಟುಕೊಟ್ಟೇನಂತ ಹೇಳು. ಅಮಾಸಿತನಕ ನೋಡತೇನಿ. ಆಮ್ಯಾಲೆ ಸೆಟ್ಟು ಮೋಡ್ಕಾದಾಂವಗ ಹಾಕಿಬಿಡತೇನಿ."

ಸೆಟ್ಟನ್ನು ಗುಜರಿಯವನಿಗೆ ಹಾಕುವ ಮಾತಿಗಿಂತ ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಇಸ್ಮಾಯಿಲಣ್ಣ ಮರುದಿನವೇ ಟೆಂಪೋದಲ್ಲಿ ತಮ್ಮದೊಂದು ಹೆಚ್ಚಿನ ಸೆಟ್ಟು ಒಯ್ದು ಕೊಟ್ಟುಬಂದರು. ಕಾಕಾ ಅದರ ಮೈತುಂಬ ಇದ್ದ ಗುಂಡಿಗಳ ಮೇಲೆ ಬೆರಳಾಡಿಸಿ, "ಇದು ಕಣ್ಣಿದ್ದಾವರದು ತಮ್ಮಾ, ಒಯ್ಯಿ" ಎಂದು ತಿರುಗಿ ಕೊಟ್ಟರು. ಅಂದಮೇಲೆ ಅವರ ಸೆಟ್ಟಿಗೇ ಹೊಸ ಟೋನು ತುಂಬಬೇಕು. ಅದಕ್ಕೊಂದು ಕೇಬಲ್ಲು ಬೇಕು, ಅದೂ ಅಮಾವಾಸ್ಯೆಯೊಳಗೆ.

ಒಂದು ಕೇಬಲ್ಲು! ಇದೇನು ಕಠಿಣ ಎಂದುಕೊಂಡೆ. ಮೊದಲು ನಮ್ಮ ಬಜಾರದ ಮೊಬೈಲ್ ಅಂಗಡಿಗೆ ಹೋದೆ. ಅವನು ನನ್ನ ಮಾತು ಅರ್ಧ ಕೇಳುವಷ್ಟರಲ್ಲಿಯೇ ಕಾಲೇಜು ಹುಡುಗರು ಚಾರ್ಜಿಗೆ ಹಾಕುವ ಬಿಳಿ ಕೇಬಲ್ಲು ಕೈಗಿಟ್ಟ.

"ಇದಲ್ಲಪಾ, ಎರಡು ಕಡ್ಡಿ ಇರೂದು ಬೇಕು."

"ಎಲ್ಲಾ ಕೇಬಲ್ ಒಂದ ರೀ ಅಕ್ಕಾರ. ಒಳಗ ತಾಮ್ರದ ತಂತಿನ ಇರತೈತಿ."

"ಹೌದಾ? ನಾಳೆ ನಿನಗ ಜ್ವರಾ ಬಂದ್ರ ನನ್ನ ಅಂಗಡಿಗೆ ಬಾ. ಕೈಗೆ ಸಿಕ್ಕದ್ದು ಕೊಡತೇನಿ. ಎಲ್ಲಾ ಗುಳಿಗಿನೂ ಒಂದ, ಒಳಗ ಬಿಳೆ ಪುಡಿನ ಇರತೈತಿ."

ಅವನು ಹಲ್ಲು ಕಿರಿದ. ನಾನು ಮನೆಗೆ ಬಂದು ಫೋನಿನಲ್ಲಿ ಆನ್‌ಲೈನ್ ಅಂಗಡಿ ತೆರೆದೆ. ದೇವರೇ, ಅಲ್ಲಿ ಏನು ಕೇಬಲ್ಲುಗಳ ಜಾತ್ರೆ! ಒಂದೇ ಫೋಟೋ, ಹತ್ತು ಹೆಸರು, ಹತ್ತು ದರ. ಎಲ್ಲದರ ಕೆಳಗೂ ಒಂದೇ ಸಾಲು: ಎಲ್ಲ ಸೆಟ್ಟುಗಳಿಗೂ ಹೊಂದುತ್ತದೆ. ಕೊಂಡವರ ಅಭಿಪ್ರಾಯ ಓದಿದೆ. ಒಬ್ಬ ಐದಕ್ಕೆ ಐದು ನಕ್ಷತ್ರ ಕೊಟ್ಟು, 'ತುಂಬಾ ಚೆನ್ನಾಗಿದೆ, ಇನ್ನೂ ಬಳಸಿಲ್ಲ' ಎಂದು ಬರೆದಿದ್ದ. ಬಳಸದೆ ಏನು ಚೆನ್ನಾಗಿ ಕಂಡಿತಪ್ಪ ನಿನಗೆ? ಬಣ್ಣವೇ? ಇನ್ನೊಬ್ಬ ಪಾಪ, ಇದು ತೆರೆ ಇಲ್ಲದ ಸೆಟ್ಟಿಗೆ ಆಗುತ್ತದೆಯೇ ಎಂದು ಪ್ರಶ್ನೆ ಕೇಳಿದ್ದ. ಅದಕ್ಕೆ ಇಡೀ ಭಾರತದಲ್ಲಿ ಒಬ್ಬನೇ ಪುಣ್ಯಾತ್ಮ ಉತ್ತರ ಕೊಟ್ಟಿದ್ದ: 'ಗೊತ್ತಿಲ್ಲ ಸರ್.' ಗೊತ್ತಿಲ್ಲದವನು ಸುಮ್ಮನಿರಬಾರದೇ? ಗೊತ್ತಿಲ್ಲ ಎಂದು ಹೇಳಲಿಕ್ಕೆ ಕೆಲಸ ಬಿಟ್ಟು ಬಂದು ಟೈಪು ಮಾಡುತ್ತಾರೆಯೇ?

ನಾನು ಚಿಕ್ಕವಳಿದ್ದಾಗ ಕಿತ್ತೂರ ಕಡೆಯಿಂದ ಖಾದರ ಮಾಮಾ ಎಂಬ ಬಳೆಗಾರ ನಮ್ಮ ಓಣಿಗೆ ಬರುತ್ತಿದ್ದ. ಅವ್ವ ಪಡಸಾಲೆಯಲ್ಲಿ ಚಾಪೆ ಹಾಸಿ, ಒಂದು ತಂಬಿಗೆ ನೀರು ಕೊಟ್ಟು ನಮ್ಮನ್ನೆಲ್ಲ ಸಾಲಾಗಿ ಕೂಡಿಸುತ್ತಿದ್ದಳು. ಮಾಮಾ ಅಳತೆ ಕೇಳುತ್ತಿರಲಿಲ್ಲ. ಕೈ ಹಿಡಿದು, ಹೆಬ್ಬೆರಳಿನ ಬುಡದ ಎಲುಬು ಒತ್ತಿ, ಕಣ್ಣು ಮುಚ್ಚಿ ಒಂದು ಕ್ಷಣ ಸುಮ್ಮನಿರುತ್ತಿದ್ದ. ಆಮೇಲೆ ಗಂಟಿನಿಂದ ಒಂದೇ ಒಂದು ಸರ ಎಳೆಯುತ್ತಿದ್ದ. ನನಗೆ ಅಕ್ಕನ ಕೈಯ ಹಸಿರು ಬಳೆಯೇ ಬೇಕೆಂದು ನಾನು ಅತ್ತರೆ, "ಅದು ಅಕ್ಕನ ಕೈದು ಬೇಟಾ, ನಿನ್ನ ಕೈಯಾಗ ಅದು ನಿಂದರಾಂಗಿಲ್ಲ" ಎನ್ನುತ್ತಿದ್ದ. ಇಡಿಸುವಾಗ ಒಡೆದ ಬಳೆ ಅವನ ಲೆಕ್ಕಕ್ಕೆ, ನಮ್ಮ ಲೆಕ್ಕಕ್ಕಲ್ಲ. ಹತ್ತು ಪೈಸೆಯ ಗಾಜಿಗೆ ಅಷ್ಟು ಜವಾಬ್ದಾರಿ ಇತ್ತು. ಎಲ್ಲರ ಕೈಗೂ ಆಗುವ ಬಳೆ ಎಂದು ಯಾರಾದರೂ ಕೂಗಿಕೊಂಡು ಬಂದಿದ್ದರೆ ಅವ್ವ ಅವನನ್ನು ಬಾಗಿಲಿನಿಂದಲೇ ಕಳಿಸುತ್ತಿದ್ದಳು. ಅವಳ ಮಗಳಾದ ನಾನು ಫೋನಿನಲ್ಲಿ ಹೆಬ್ಬೆರಳು ಒತ್ತಿ ಅದನ್ನೇ ಕೊಂಡೆ.

ಬಂತು. ಈಗ ಗೋಡೆಯ ಮೇಲಿರುವುದು ಅದೇ. ಅಂಗಡಿಯ ಬಿಲ್ಲಿನ ಕಂಪ್ಯೂಟರಿಗೆ ಚುಚ್ಚಿದೆ. ಕಂಪ್ಯೂಟರು ಟಿಂಗ್ ಎಂದು ಸ್ವಾಗತ ಮಾಡಿತು, ಮರುಕ್ಷಣಕ್ಕೇ ಹಳದಿ ಗುರುತು ತೋರಿಸಿ ಈ ಸಾಧನ ಶುರುವಾಗಲಾರದು ಎಂದಿತು. ತೆಗೆದೆ, ಹಾಕಿದೆ. ಊದಿ ಹಾಕಿದೆ. ನಮ್ಮಪ್ಪ ಟ್ರಾನ್ಸಿಸ್ಟರಿನ ಸೆಲ್ಲುಗಳನ್ನು ಮಾಳಿಗೆಯ ಬಿಸಿಲಿಗೆ ಒಣಗಿಸಿ ಮತ್ತೆ ಎರಡು ದಿನ ಜೀವ ತುಂಬುತ್ತಿದ್ದುದು ನೆನಪಾಗಿ, ಸುಳ್ಳೇಕೆ ಹೇಳಲಿ, ಕೇಬಲ್ಲನ್ನು ಒಂದು ತಾಸು ಬಿಸಿಲಿಗೂ ಇಟ್ಟೆ. ನಮ್ಮ ಮನೆಯವರು ನೋಡಿ, "ಸಂಡಿಗಿ ಸಂಗಾಟ ಅದನ್ನೂ ಕರೀತಿಯೇನು?" ಎಂದರು.

ಎರಡು ದಿನ ಓದಿದ ಮೇಲೆ ರೋಗ ತಿಳಿಯಿತು. ಕೇಬಲ್ಲಿನ ಯುಎಸ್‌ಬಿ ತಲೆಯೊಳಗೆ ಒಂದು ಪುಟ್ಟ ಎಲೆಕ್ಟ್ರಾನಿಕ್ ಚಿಪ್ಪು ಇರುತ್ತದೆ. ಕಂಪ್ಯೂಟರಿನ ಮಾತನ್ನು ಸೆಟ್ಟಿಗೆ, ಸೆಟ್ಟಿನ ಮಾತನ್ನು ಕಂಪ್ಯೂಟರಿಗೆ ತಿಳಿಸಿ ಹೇಳುವ ದುಭಾಷಿ ಅದು. ನನ್ನ ಕೇಬಲ್ಲಿನಲ್ಲಿದ್ದುದು ಆ ಚಿಪ್ಪಿನ ನಕಲು. ಅಸಲು ಮಾಡುವವರು ನಕಲು ಮಾಡುವವರ ಮೇಲಿನ ಸಿಟ್ಟಿಗೆ, ನಕಲು ಕಂಡರೆ ಕೆಲಸ ಮಾಡಬೇಡ ಎಂದು ತಮ್ಮ ತಂತ್ರಾಂಶಕ್ಕೇ ಹೇಳಿಟ್ಟಿದ್ದಾರೆ. ಜಗಳ ಅವರಿಬ್ಬರದು. ಪೆಟ್ಟು ಬಿದ್ದದ್ದು ತೊರಗಲ್ಲಿನ ರುದ್ರಪ್ಪ ಕಾಕಾನಿಗೆ! ನಾನು ನಕಲಿ ಗುಳಿಗೆ ಮಾರಿದರೆ ಮರುದಿನ ಇನ್ಸ್‌ಪೆಕ್ಟರು ಬಂದು ಅಂಗಡಿಗೆ ಬೀಗ ಜಡಿಯುತ್ತಾರೆ, ಜಡಿಯಬೇಕು ಕೂಡ. ನಕಲಿ ಕೇಬಲ್ಲು ಮಾರಿದವನಿಗೆ ಐದು ನಕ್ಷತ್ರ.

ಮಾರಿದವರ ಸಹಾಯವಾಣಿಗೆ ಫೋನು ಮಾಡಿದೆ. ಒಬ್ಬ ಹುಡುಗಿ ಬಹಳ ಸವಿಯಾಗಿ ಮಾತಾಡಿದಳು.

"ಮೇಡಂ, ಕೇಬಲ್ ತುಂಡಾಗಿ ಬಂದಿದೆಯಾ?"

"ಇಲ್ಲ."

"ಬೇರೆ ಬಣ್ಣದ್ದು ಬಂದಿದೆಯಾ ಮೇಡಂ?"

"ಬಣ್ಣಾ ತಗೊಂಡು ಏನ್ ಮಾಡ್ಲಿ ತಂಗೀ, ಅದು ಕೆಲಸಾ ಮಾಡವಲ್ದು."

"ಹಾಗಾದ್ರೆ ಪ್ರಾಡಕ್ಟ್ ಸರಿ ಇದೆ ಮೇಡಂ. ಇನ್ನೇನಾದ್ರೂ ಸಹಾಯ ಬೇಕಿತ್ತಾ?"

ಇನ್ನೇನಾದರೂ! ಮೊದಲಿನದು ಯಾವುದಮ್ಮಾ ನೀನು ಮಾಡಿದ ಸಹಾಯ? ಫೋನು ಇಟ್ಟು ಒಂದು ತಂಬಿಗೆ ನೀರು ಕುಡಿದೆ.

ಹಳೆಯ ಡ್ರೈವರು ಹಾಕಿದರೆ ನಕಲಿಯೂ ನಡೆಯುತ್ತದೆ ಎಂದು ಯಾರೋ ಬರೆದಿದ್ದರು. ಡ್ರೈವರು ಅಂದರೆ ಕೇಬಲ್ಲನ್ನು ನಡೆಸುವ ತಂತ್ರಾಂಶ. ಹಾಕಿದೆ, ಹಳದಿ ಗುರುತು ಹೋಯಿತು. ಕುಣಿದಾಡುವುದೊಂದು ಬಾಕಿ. ಬೆಳಿಗ್ಗೆ ತೊರಗಲ್ಲಿಗೆ ಹೊರಡೋಣವೆಂದು ಮತ್ತೊಮ್ಮೆ ನೋಡಿದರೆ, ರಾತ್ರಿ ಕಂಪ್ಯೂಟರು ಯಾರ ಅಪ್ಪಣೆಯನ್ನೂ ಕೇಳದೆ ತಾನೇ ಹೊಸ ಡ್ರೈವರು ತರಿಸಿ ಹಾಕಿಕೊಂಡು ಕೂತಿತ್ತು. ನಾನು ರೊಕ್ಕ ಕೊಟ್ಟು ತಂದ ಕಂಪ್ಯೂಟರು, ನನ್ನ ಅಂಗಡಿಯ ಕರೆಂಟು, ನನ್ನ ಮೇಜು! ಸೊಸೆಯಂದಿರ ಮೇಲೆ ಅತ್ತೆಯಂದಿರು ಹೇಳುವ ದೂರುಗಳೆಲ್ಲ ನನಗೆ ಆ ಬೆಳಿಗ್ಗೆ ಅರ್ಥವಾದವು.

ಅಂದೇ ಆ ಕೇಬಲ್ಲನ್ನು ಮೊಳೆಗೆ ನೇತುಹಾಕಿದೆ. ಆಮೇಲೆ ಖಾದರ ಮಾಮಾನ ಹಾಗೆ ಕೂತು ಹುಡುಕಿದೆ. ಒಳಗೆ ಯಾವ ಚಿಪ್ಪಿದೆ ಎಂದು ಹೆಸರು ಹಿಡಿದು ಬರೆದವರು ಯಾರು? ಕಾಕಾನ ಸೆಟ್ಟಿನ ಮಾಡೆಲ್ಲನ್ನು ಬಾಯಿಬಿಟ್ಟು ಹೇಳಿದವರು ಯಾರು? ಯಾವುದಕ್ಕೆ ಆಗುವುದಿಲ್ಲ ಎಂಬುದನ್ನೂ ಹೇಳಿದವರು ಯಾರು? ಹಾಗೆ ಬರೆದ ಒಬ್ಬನೇ ಸಿಕ್ಕ. ದರ ದುಬಾರಿ. ಅವನಿಗೆ ಫೋನು ಮಾಡಿದೆ. "ನಿಮ್ಮ ಸೆಟ್ಟು ಯಾವುದು, ಮೊದಲು ಅದು ಹೇಳಿ" ಎಂದು ಅವನೇ ಕೇಳಿದ. ಆ ಒಂದು ಮಾತಿಗೆ ನನ್ನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಯಾರೋ ಒಬ್ಬ ಮನುಷ್ಯ ಕೈ ಹಿಡಿದು ಎಲುಬು ಒತ್ತಿ ನೋಡುತ್ತಿದ್ದಾನೆ!

ಆ ಕೇಬಲ್ಲು ಬಂದಾಗ ಅಮಾವಾಸ್ಯೆಗೆ ಒಂದೇ ದಿನ ಉಳಿದಿತ್ತು. ಅಂಗಡಿ ಮನೆಯವರಿಗೆ ಬಿಟ್ಟು, ಹಳೆಯ ಲ್ಯಾಪ್‌ಟಾಪು, ಕೇಬಲ್ಲು, ನನ್ನ ಸೆಟ್ಟು ಚೀಲಕ್ಕೆ ಹಾಕಿಕೊಂಡು ಸವದತ್ತಿಯ ಮೇಲೆ ಹಾಯ್ದು ರಾಮದುರ್ಗದ ಬಸ್ಸು ಹಿಡಿದೆ. ಅಲ್ಲಿಂದ ಟಂಟಂ ರಿಕ್ಷಾ. ತೊರಗಲ್ಲಿನ ಕೋಟೆಗೋಡೆ ಕಾಣುವಾಗ ಹೊತ್ತು ಇಳಿಯುತ್ತಿತ್ತು.

ಕಾಕಾ ಪಡಸಾಲೆಯಲ್ಲಿ ಕೂತಿದ್ದರು. ಸೆಟ್ಟು ಅವರ ಮುಂದೆ ಇರಲಿಲ್ಲ, ಗೋಡೆಯಲ್ಲಿ ಕೊರೆದ ಅಷ್ಟೆತ್ತರದ ಮಾಡದಲ್ಲಿ ಒಂದು ಅರಿವೆಯಲ್ಲಿ ಸುತ್ತಿ ಇಡಲಾಗಿತ್ತು. ಗುಜರಿಯವನಿಗೆ ಕೊಡಲು ಕಟ್ಟಿಟ್ಟ ಹಾಗಿತ್ತು.

"ಯಾರು, ಬೈಲಹೊಂಗಲೇನು?" ಎಂದರು. ನನ್ನ ಹೆಸರು ಹೇಳಲಿಲ್ಲ, ಊರು ಹೇಳಿದರು.

"ಹೌದ್ರಿ ಕಾಕಾ. ಸೆಟ್ಟು ಕೊಡ್ರಿ, ಸರಿ ಮಾಡತೇನಿ."

"ಮಾಡು. ಮೋಡ್ಕಾದಾಂವಗ ಸರಿ ಇದ್ದದ್ದ ಕೊಡೂಣಂತ."

ಕಾಕು ಒಳಗಿನಿಂದ ನನಗೆ ಕಣ್ಸನ್ನೆ ಮಾಡಿ, ಸೆಟ್ಟು ಬಿಚ್ಚಿ ಕೊಟ್ಟು, ಚಹಾಕ್ಕೆ ಇಟ್ಟರು. ಕೇಬಲ್ಲು ಚುಚ್ಚಿದೆ. ಈ ಸಲ ಲ್ಯಾಪ್‌ಟಾಪು ಹಳದಿ ಗುರುತು ತೋರಿಸಲಿಲ್ಲ. ಸೆಟ್ಟನ್ನು ಓದು ಎಂದು ಹೇಳಿದೆ. ಸೆಟ್ಟು ಉತ್ತರ ಕೊಡುತ್ತಿಲ್ಲ ಎಂದಿತು! ಮತ್ತೆ ಹೇಳಿದೆ, ಮತ್ತೆ ಅದೇ. ನನ್ನ ಪಿತ್ತ ನೆತ್ತಿಗೇರಿತು. ಅಸಲು ಚಿಪ್ಪು, ಅಸಲು ದರ, ಅಷ್ಟು ದೂರದ ಬಸ್ಸು, ಅದರ ಮೇಲೆ ಈ ಉತ್ತರ! "ಇದರ ಮನಿ ಹಾಳಾಗ್ಲಿ!" ಎಂದು ಕೇಬಲ್ಲು ಎಸೆಯಲು ಎತ್ತಿದೆ.

"ಟಕ್ ಅನಲಿಲ್ಲಲ್ಲ," ಎಂದರು ಕಾಕಾ, ಗೋಡೆಯ ಕಡೆ ಮುಖ ಮಾಡಿಕೊಂಡೇ.

ನಿಜ, ಕಡ್ಡಿಗಳು ಪೂರಾ ಒಳಗೆ ಹೋಗಿರಲಿಲ್ಲ. ಪ್ಲಗ್ಗಿನ ಸುತ್ತಿನ ಪ್ಲಾಸ್ಟಿಕ್ಕು ದಪ್ಪವಿದ್ದು ಸೆಟ್ಟಿನ ಅಂಚಿಗೆ ತಾಗಿ ನಿಂತಿತ್ತು. ಕಾಕುವಿನ ಇಳಿಗೆಮಣೆ ತರಿಸಿ, ಬದನೆಕಾಯಿ ಹೆಚ್ಚುವ ಇಳಿಗೆಯಲ್ಲಿ ಆ ದುಬಾರಿ ಪ್ಲಗ್ಗಿನ ಪಕ್ಕೆ ಹೆರೆದೆ. ಒತ್ತಿದೆ. ಟಕ್ ಎಂದಿತು. ಸೆಟ್ಟಿನ ಹೊಟ್ಟೆಯಲ್ಲಿದ್ದುದೆಲ್ಲ ಲ್ಯಾಪ್‌ಟಾಪಿನಲ್ಲಿ ಮೂಡಿತು. ಮೊದಲು ಅದನ್ನು ಕಾಪಿಟ್ಟು, ಹೊಸ ಟೋನು ಬರೆದು ಸೆಟ್ಟಿಗೆ ಕಳಿಸಿದೆ. ಕೇಬಲ್ಲು ಕಿತ್ತು ಕಾಕಾನ ಕೈಗೆ ಕೊಟ್ಟೆ. ಅವರು ಬೇಡವೆನ್ನುವ ಹಾಗೆಯೇ ತಿರುಗಣೆ ತಿರುಗಿಸಿದರು. ಒಳಗಿನ ದನಿ ಚೀನೀ ಭಾಷೆಯಲ್ಲಿ ಏನೋ ಅಂದಿತು.

"ಇದ್ಯಾವ ದೇಶದಾಂವನ್ನ ತಂದು ಒಳಗ ಕುಂಡ್ರಿಸಿದಿ?" ಎಂದರು ಕಾಕಾ. ತುಟಿಯಂಚು ಸ್ವಲ್ಪ ಅಲುಗಿದ್ದನ್ನು ನಾನು ನೋಡಿದೆ. ಭಾಷೆಯ ಜಾಗದಲ್ಲಿ ಒಂದು ಗುರುತು ತಪ್ಪಿತ್ತು, ಸರಿ ಮಾಡಿಕೊಟ್ಟೆ.

ಅಷ್ಟರಲ್ಲಿ ಹಾಜರಿಯ ಹೊತ್ತಾಯಿತು. ಇಸ್ಮಾಯಿಲಣ್ಣನ ದನಿ ಬಂತು. ಕಿತ್ತೂರು ಆಯಿತು, ಸವದತ್ತಿ ಆಯಿತು. ಬೈಲಹೊಂಗಲ ಕರೆದಾಗ, ಮೊದಲು ಕಾಕಾನ ದನಿ ಹೋಗಲಿ ಎಂದು ನಾನು ಬೇಕೆಂದೇ ಸುಮ್ಮನಿದ್ದೆ. "ತೊರಗಲ್ಲ, ಕಾಕಾ," ಎಂದು ಕರೆದು ಅವರು ಎಂದಿನಂತೆ ಸುಮ್ಮನಾದರು. ಆ ನಿಮಿಷ ನಮ್ಮ ಪಡಸಾಲೆಗೂ ಬಂತು. ಕಾಕು ಒಲೆಯ ಮುಂದಿನಿಂದ ಎದ್ದು ಬಾಗಿಲಲ್ಲಿ ನಿಂತರು. ಕಾಕಾನ ಹೆಬ್ಬೆರಳು ಗುಂಡಿಯ ಮೇಲಿತ್ತು, ಒತ್ತಲಿಲ್ಲ. ಇಷ್ಟು ದಿನ ಒತ್ತಿ ಒತ್ತಿ ಸಾಕಾದ ಬೆರಳು ಅದು.

"ಒಂದ ಸಲಾ, ಕಾಕಾ," ಎಂದೆ.

ಒತ್ತಿದರು. "ಹಾಜರ."

ಒಂದು ಕ್ಷಣ ಏನೂ ಇಲ್ಲ. ಆಮೇಲೆ ಸೆಟ್ಟಿನಿಂದ ಕಿರ್ರೋ ಎಂಬ ಕೆಟ್ಟ ಸದ್ದು ಬಂತು. ಇಸ್ಮಾಯಿಲಣ್ಣ, ಶೋಭಕ್ಕ ಇಬ್ಬರೂ ಒಂದೇ ಸಲ ಗುಂಡಿಯೊತ್ತಿ ಒದರಿದ್ದರು. ಇಬ್ಬರು ಕೂಡಿ ಒತ್ತಿದರೆ ಯಾರದೂ ಕೇಳುವುದಿಲ್ಲ. ಕಾಕಾನ ಬೆನ್ನು ನೆಟ್ಟಗಾಯಿತು.

"ಒಬ್ಬೊಬ್ಬರ ಮಾತಾಡ್ರಿ! ಇಷ್ಟು ದಿನಾ ನಾ ಇಲ್ಲಂತ ಶಿಸ್ತು ಎಲ್ಲಾ ಮರತೀರೇನು? ಇಸ್ಮಾಯಿಲ, ಹಾಜರಿ ಭಾಳ ಅವಸರಲೆ ಕರೀತಿ ನೀ. ಶೋಭವ್ವಾ, ಮೊನ್ನೆ ಹೊಳಿಗೆ ನೀರು ಬಿಟ್ಟಾರಂದಿ, ಸುಳ್ಳದು, ನಾ ಇಲ್ಲೆ ಹೊಳಿ ದಂಡಿಗೆ ಕುಂತೇನಿ, ಬಿಟ್ಟಿರಲಿಲ್ಲ, ಅವತ್ತ ಹೇಳಿದೆ, ಕೇಳಲಿಲ್ಲ ನೀವು. ಅದರ ಹಿಂದಿನ ದಿನಾ..."

ದಿನದಿನದ ಬಾಕಿಯನ್ನೆಲ್ಲ ತೀರಿಸತೊಡಗಿದರು. ನಾವು ಕೇಳಿದ ಪ್ರತಿ ಪ್ರಶ್ನೆಗೂ ಅವರು ಅಂದಂದೇ ಉತ್ತರ ಕೊಟ್ಟಿದ್ದರು. ಈಗ ಒಂದನ್ನೂ ಬಿಡದೆ ಮತ್ತೆ ಹೇಳಿದರು. ಒಬ್ಬರೇ ಬಹಳ ಹೊತ್ತು ಹಿಡಿದರೆ ರಿಪೀಟರು ತಾನಾಗಿ ಮಾತು ಕತ್ತರಿಸುತ್ತದೆ. ಕತ್ತರಿಸಿತು. "ನೀನೂ ಕೇಳಾಂಗಿಲ್ಲೇನು?" ಎಂದು ಗುಡ್ಡದ ದಿಕ್ಕಿಗೆ ಬೈದು ಮತ್ತೆ ಒತ್ತಿದರು. ಕಾಕು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದರು. ಅಳುತ್ತಿದ್ದರೋ ನಗುತ್ತಿದ್ದರೋ ನನಗೆ ತಿಳಿಯಲಿಲ್ಲ.

ಎಲ್ಲ ಮುಗಿದ ಮೇಲೆ ಗಂಟಲು ಸರಿಮಾಡಿಕೊಂಡು ಹಾಜರಿಯನ್ನು ಮೊದಲಿನಿಂದ ಕರೆದರು. ಕಿತ್ತೂರು ಹಾಜರ ಎಂದಿತು. ಸವದತ್ತಿ ಹಾಜರ ಎಂದಿತು.

"ಬೈಲಹೊಂಗಲ."

"ಹಾಜರ್ರಿ," ಎಂದೆ, ಅವರ ಎದುರಿಗೇ ಕೂತು.

"ಬೈಲಹೊಂಗಲ," ಎಂದರು ಮತ್ತೆ, ನನ್ನ ಕಡೆ ತಿರುಗದೆ.

"ಇಲ್ಲೇ ಅದೇನಲ್ರಿ ಕಾಕಾ, ನಿಮ್ಮ ಮುಂದ."

ಅವರು ಗುಂಡಿ ಬಿಟ್ಟರು. "ಪಡಸಾಲ್ಯಾಗ ಕುಂತು ಒದರಿದ್ರ ಹಾಜರಿ ಆಗತೈತೇನವಾ? ಇಷ್ಟು ದಿನಾ ನಾನೂ ಇಲ್ಲೇ ಕುಂತು ಒದರಿದೆ. ನೀವು ಹಚ್ಚಿದ್ರೇನು?"

ಚೀಲದಿಂದ ನನ್ನ ಸೆಟ್ಟು ತೆಗೆದುಕೊಂಡು ಅಂಗಳಕ್ಕೆ ಇಳಿದೆ. ಬೇವಿನ ಮರದಾಚೆ ನಿಂತು ಗುಂಡಿಯೊತ್ತಿ, "ಬೈಲಹೊಂಗಲ, ಹಾಜರ್ರಿ ಕಾಕಾ" ಎಂದೆ. ನನ್ನ ದನಿ ಗುಡ್ಡಕ್ಕೆ ಹೋಗಿ, ತಿರುಗಿ ಬಂದು, ಕಾಕಾನ ಕಿಟಕಿಯಿಂದ ನನಗೇ ಕೇಳಿಸಿತು.

"ಬೈಲಹೊಂಗಲ, ತಡಾ ಮಾಡಿ ಬಂದಾರ. ಹಚ್ಚೇನಿ," ಎಂದರು ಕಾಕಾ. ಆಮೇಲೆ, "ತೊರಗಲ್ಲ."

ಒಂದು ಉಸಿರು ಬಿಟ್ಟರು. ನಾವು ಮೂವರೂ ಸುಮ್ಮನಿದ್ದೆವು.

"ಹಾಜರ."